ಇನ್ವರ್ಟರು ತಾನಾಗಿ ನಿಂತರೆ ಏನು ಮಾಡಬೇಕು?

(ಹಾಲು ಉತ್ಪಾದಕರ ಸಹಕಾರ ಸಂಘದ ಅಂಗಳದಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹಾಲು ಹಾಕಿ ಮನೆಗೆ ಹೊರಡುವ ಹೊತ್ತಿನಲ್ಲಿ ನಿಮ್ಮನ್ನು ತಡೆದು ಕೂರಿಸಿದ್ದಕ್ಕೆ ಕ್ಷಮೆ ಇರಲಿ. ಇಂದು ನಾನು ಬಿತ್ತನೆಯ ಮಾತನ್ನಾಗಲಿ ಗೊಬ್ಬರದ ಮಾತನ್ನಾಗಲಿ ಆಡುವುದಿಲ್ಲ. ನಿಮ್ಮ ಮನೆಯ ಗೋಡೆಯ ಮೇಲೆ ಕುಳಿತಿರುವ ಸೋಲಾರ್ ಇನ್ವರ್ಟರಿನ ವಿಷಯವಾಗಿ ನಾಲ್ಕು ಮಾತು ಹೇಳುವುದಿದೆ. ನಾನೂ ನಿಮ್ಮ ಹಾಗೆ ಎರಡು ಎಕರೆ ರಾಗಿ, ಒಂದಿಷ್ಟು ತೆಂಗು, ಮೂರು ಹಸು ಇಟ್ಟುಕೊಂಡ ರೈತ. ಹುಡುಗನಾಗಿದ್ದಾಗ ಐ.ಟಿ.ಐ.ಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕೆಲಸ ಕಲಿತವನಾದ್ದರಿಂದ ಊರಿನಲ್ಲಿ ಯಾರ ಮನೆಯ ದೀಪ ಆರಿದರೂ ನನ್ನನ್ನು ಕರೆಯುವುದು ರೂಢಿಯಾಗಿಬಿಟ್ಟಿದೆ.

ಕರೆದವರೆಲ್ಲ ಹೇಳುವ ಮಾತು ಒಂದೇ. “ಅಣ್ಣಾ, ಇನ್ವರ್ಟರು ಕೆಟ್ಟುಹೋಯಿತು, ಕೆಂಪು ದೀಪ ಉರಿಯುತ್ತಾ ಇದೆ, ಕೀ ಕೀ ಎಂದು ಕೂಗುತ್ತಾ ಇದೆ.” ಹೋಗಿ ನೋಡಿದರೆ ಹೆಚ್ಚಿನ ಸಲ ಇನ್ವರ್ಟರು ಕೆಟ್ಟಿರುವುದೇ ಇಲ್ಲ. ಏನೋ ಅಪಾಯ ಕಂಡು ಅದು ತಾನಾಗಿ ಕೆಲಸ ನಿಲ್ಲಿಸಿರುತ್ತದೆ. ಗಾಡಿಗೆ ಕಟ್ಟಿದ ಎತ್ತು ಹಳ್ಳದ ದಂಡೆಯಲ್ಲಿ ಕಾಲೂರಿ ನಿಂತುಬಿಟ್ಟರೆ, ತಿಳಿದ ಗಾಡಿಯವನು ಬಾರುಕೋಲು ಎತ್ತುವುದಿಲ್ಲ. ಮೊದಲು ಕೆಳಗಿಳಿದು ನೀರೆಷ್ಟಿದೆ, ನೊಗ ಕತ್ತು ಉಜ್ಜಿದೆಯೇ, ಗಾಲಿ ಹುದುಗಿದೆಯೇ ಎಂದು ನೋಡುತ್ತಾನೆ. ಇನ್ವರ್ಟರು ನಿಂತಾಗಲೂ ಇದೇ ಕ್ರಮ. ನಾವಾದರೋ ಸ್ವಿಚ್ಚನ್ನು ಹತ್ತು ಸಲ ಒತ್ತುತ್ತೇವೆ, ಫ್ಯೂಸು ಹೋಗಿದ್ದರೆ ತಾಮ್ರದ ತಂತಿ ಸುತ್ತುತ್ತೇವೆ, ಅರ್ತಿನ ವಯರು ಬಿಚ್ಚುತ್ತೇವೆ. ಆ ಅರ್ತಿನ ವಯರಿನ ಕಥೆಯನ್ನು ಆಮೇಲೆ ಹೇಳುತ್ತೇನೆ. ಅದು ನನ್ನ ಮನೆಯದೇ ಕಥೆ.

ಮೊದಲಿಗೆ ನಿಮ್ಮ ಮನೆಯಲ್ಲಿರುವುದು ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಬ್ಯಾಟರಿ ಇಟ್ಟು, ಹಗಲು ಬಿಸಿಲಿನಲ್ಲಿ ತುಂಬಿಸಿ, ರಾತ್ರಿ ಬಳಸುವುದು ಒಂದು ಜಾತಿ. ಬ್ಯಾಟರಿ ಇಲ್ಲದೆ ನೇರವಾಗಿ ಕರೆಂಟಿನ ಲೈನಿಗೆ ಸೇರಿಸಿ, ಉಳಿದದ್ದನ್ನು ಕಂಪನಿಗೆ ಕೊಡುವುದು ಇನ್ನೊಂದು ಜಾತಿ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆ ಬಂದು, 3 ಕಿಲೋವ್ಯಾಟಿಗೂ ಅದಕ್ಕೆ ಮೇಲ್ಪಟ್ಟದ್ದಕ್ಕೂ 78,000 ರೂಪಾಯಿ ಸಹಾಯಧನವೆಂದು ಗೊತ್ತಾದ ಮೇಲೆ ಎರಡನೆಯ ಜಾತಿಯೂ ನಮ್ಮ ಹಳ್ಳಿಗಳ ಮಾಡು ಏರಿದೆ. ಎರಡರ ರೋಗಗಳೂ ಬೇರೆ, ಮದ್ದೂ ಬೇರೆ.

ಬ್ಯಾಟರಿ ಜಾತಿಯದರಿಂದ ಆರಂಭಿಸೋಣ. ಇದು ನಿಲ್ಲುವುದಕ್ಕೆ ಮುಖ್ಯ ಕಾರಣ ಹೆಚ್ಚಿನ ಭಾರ. ಇನ್ವರ್ಟರಿನ ಮೇಲೆ 850 ವಿ.ಎ. ಎಂದು ಬರೆದಿದ್ದರೆ 850 ವ್ಯಾಟು ಸಿಗುತ್ತದೆಂದು ತಿಳಿಯಬಾರದು. ಸಾಮಾನ್ಯವಾಗಿ 650ರಿಂದ 700 ವ್ಯಾಟು ಸಿಕ್ಕರೆ ಹೆಚ್ಚು. ಮಿಕ್ಸಿಯೊಂದೇ 500ರಿಂದ 750 ವ್ಯಾಟು ಬೇಡುತ್ತದೆ. ಇಸ್ತ್ರಿಪೆಟ್ಟಿಗೆ 1,000 ಬೇಡುತ್ತದೆ. ಪಕ್ಕದ ಊರಿನ ರೈತರೊಬ್ಬರು ಹಾಲು ಕರೆಯುವ ಯಂತ್ರ ತಂದು ಇನ್ವರ್ಟರಿಗೆ ಸೇರಿಸಿದರು. ಯಂತ್ರದ ಮೋಟಾರು ಅರ್ಧ ಅಶ್ವಶಕ್ತಿಯದು. ಅಂದರೆ ಲೆಕ್ಕದಲ್ಲಿ 373 ವ್ಯಾಟು. “700 ವ್ಯಾಟಿನ ಇನ್ವರ್ಟರು 373ನ್ನು ಎಳೆಯಲಾರದೆ?” ಎಂದು ಅವರ ವಾದ. ವಾದ ಸರಿಯಾಗಿಯೇ ಇತ್ತು, ಆದರೆ ಮೋಟಾರು ಅದನ್ನು ಒಪ್ಪಲಿಲ್ಲ. ಯಾವ ಮೋಟಾರೇ ಆಗಲಿ ಹೊರಡುವ ಆ ಒಂದೆರಡು ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ತುಂಬಿದ ಗಾಡಿಯನ್ನು ನಿಂತಲ್ಲಿಂದ ಕದಲಿಸುವುದಕ್ಕೆ ಎತ್ತು ಎಷ್ಟು ತಿಣುಕುತ್ತದೆ, ಕದಲಿದ ಮೇಲೆ ಎಷ್ಟು ಸಲೀಸಾಗಿ ನಡೆಯುತ್ತದೆ ಎಂಬುದನ್ನು ನೆನೆದರೆ ತಿಳಿಯುತ್ತದೆ. ಇನ್ವರ್ಟರು ಆ ತಿಣುಕನ್ನು ತಾಳಲಾರದೆ ನಿಂತಿತು.

ಅಲ್ಲಿಗೇ ಬಿಟ್ಟಿದ್ದರೆ ನಷ್ಟವಿರಲಿಲ್ಲ. ಮನೆಯ ಮಗ ಯಂತ್ರವನ್ನು ಮತ್ತೆ ಮತ್ತೆ ಹೊರಡಿಸಿ ನೋಡಿದ. ಬ್ಯಾಟರಿಯ ಬಳಿಯ ಫ್ಯೂಸು ಹಾರಿತು. ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ ಕಟ್ಟಿದ. ಮೂರನೆಯ ದಿನ ಬ್ಯಾಟರಿಯ ವಯರಿನ ಹೊದಿಕೆ ಕರಗಿ ಎರಡು ತಂತಿ ಒಂದಕ್ಕೊಂದು ತಗುಲಿದವು. ಬ್ಯಾಟರಿ 12 ವೋಲ್ಟಿನದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂದು ಅದನ್ನು ಸದರವಾಗಿ ಕಾಣುವವರುಂಟು. 150 ಆಂಪಿಯರ್ ಗಂಟೆಯ ಬ್ಯಾಟರಿಯ ಎರಡು ತುದಿ ನೇರವಾಗಿ ಕೂಡಿದರೆ ಸಾವಿರಕ್ಕೂ ಮೇಲೆ ಆಂಪಿಯರ್ ಹರಿಯಬಲ್ಲದು. ಕಬ್ಬಿಣದ ಸ್ಪ್ಯಾನರು ಕೆಂಪಗೆ ಕಾಯುವಷ್ಟು ಶಕ್ತಿ ಅದು. ಕೊಟ್ಟಿಗೆಯ ಅಟ್ಟದಲ್ಲಿ ಜೋಳದ ಸಪ್ಪೆ ಇತ್ತು. ಅದೃಷ್ಟಕ್ಕೆ ಅಮ್ಮನವರು ಎಚ್ಚರವಿದ್ದರು, ಹಸುಗಳ ಕಣ್ಣಿ ಬಿಚ್ಚಿ ಹೊರಕ್ಕೆ ಅಟ್ಟಿದರು. ಅಟ್ಟದ ಅರ್ಧ ಹೋಯಿತು, ಹಸುಗಳು ಉಳಿದವು. ಫ್ಯೂಸಿನ ಜಾಗದಲ್ಲಿ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕತಕ್ಕದ್ದು. ಸಿಗದಿದ್ದರೆ ಒಂದು ರಾತ್ರಿ ಲಾಟೀನು ಹಚ್ಚಿಕೊಂಡು ಕೂರುವುದು ಲೇಸು.

ಎರಡನೆಯದು ಬ್ಯಾಟರಿ ಬರಿದಾಗುವುದು. ಬ್ಯಾಟರಿಯ ವೋಲ್ಟು ಸುಮಾರು 10.5ಕ್ಕೆ ಇಳಿದರೆ ಇನ್ವರ್ಟರು ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಹಿಂಡಿದರೆ ಬ್ಯಾಟರಿಯ ಒಳಗಿನ ಸೀಸದ ತಟ್ಟೆಗಳು ಗಟ್ಟಿಯಾದ ಬಿಳಿ ಉಪ್ಪು ಹಿಡಿದು ಹಾಳಾಗುತ್ತವೆ. ಕರುವಿಗೆ ಬಿಡದೆ ಕೊನೆಯ ಹನಿಯವರೆಗೂ ಕರೆದಂತೆ ಅದು. ಭಾರವನ್ನೆಲ್ಲ ತೆಗೆದು, ಚಾರ್ಜನ್ನೂ ನಿಲ್ಲಿಸಿ, ಒಂದೆರಡು ಗಂಟೆ ಬಿಟ್ಟು ಅಳೆದರೆ ತುಂಬಿದ ಬ್ಯಾಟರಿ 12.6ರಿಂದ 12.8 ವೋಲ್ಟು ತೋರಬೇಕು. 12ಕ್ಕೆ ಇಳಿದಿದ್ದರೆ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದೆ ಎಂದರ್ಥ.

ದಿನವೂ ಸಂಜೆ ಎಂಟಕ್ಕೇ ನಿಂತುಹೋಗುತ್ತಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ಮಾಡಿನ ಮೇಲೆ ಕಣ್ಣು ಹಾಯಿಸಿ. ರಾಗಿ ಒಕ್ಕಿದ ಧೂಳು ಪ್ಲೇಟಿನ ಮೇಲೆ ಬೆರಳು ಗೀಚಿದರೆ ಗೆರೆ ಮೂಡುವಷ್ಟು ಕೂತಿರಬಹುದು. ಮೂರು ವರ್ಷದ ಹಿಂದೆ ಆಳೆತ್ತರವಿದ್ದ ತೆಂಗು ಈಗ ಮಧ್ಯಾಹ್ನದ ಮೇಲೆ ನೆರಳು ಚೆಲ್ಲುತ್ತಿರಬಹುದು. ಒಂದು ಗರಿಯ ನೆರಳು ಪ್ಲೇಟಿನ ಸ್ವಲ್ಪ ಭಾಗಕ್ಕೆ ಬಿದ್ದರೂ ಹುಟ್ಟುವಳಿ ಆ ಅಳತೆಗಿಂತ ಬಹಳ ಹೆಚ್ಚಾಗಿ ತಗ್ಗುತ್ತದೆ. ಪ್ಲೇಟನ್ನು ಬೆಳಗ್ಗೆ ತಣ್ಣಗಿರುವಾಗ ಮೆತ್ತನೆಯ ಬಟ್ಟೆಯಿಂದ ನೀರು ಹಾಕಿ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ.

ಬಿಟ್ಟಾಗ 12.6 ತೋರಿ, ಒಂದು ಫ್ಯಾನು ಹಾಕಿದ ಕೂಡಲೆ ವೋಲ್ಟು ಕುಸಿದರೆ ಎರಡರಲ್ಲಿ ಒಂದು. ತುದಿಯ ಬೋಲ್ಟು ಸಡಿಲವಾಗಿ ಹಸುರು ಬಿಳಿ ಪುಡಿ ಕಟ್ಟಿದೆ, ಇಲ್ಲವೆ ಒಳಗಿನ ಒಂದು ಕೋಶ ಸತ್ತಿದೆ. ಮೊದಲನೆಯದು ಮನೆಯಲ್ಲೇ ಆಗುವ ಕೆಲಸ. ಇನ್ವರ್ಟರು ನಿಲ್ಲಿಸಿ, ಪ್ಲೇಟಿನಿಂದ ಬರುವುದನ್ನೂ ನಿಲ್ಲಿಸಿ, ಕೈಯ ಉಂಗುರ ಬಳೆ ತೆಗೆದಿಟ್ಟು, ಬಿಸಿನೀರಿಗೆ ಅಡಿಗೆ ಸೋಡ ಬೆರೆಸಿ ತೊಳೆಯಿರಿ. ಆ ನೀರು ಬ್ಯಾಟರಿಯ ಒಳಕ್ಕೆ ಹೋಗದಿರಲಿ. ಒಣಗಿಸಿ, ಬಿಗಿಮಾಡಿ, ವ್ಯಾಸಲೀನು ಸವರಿ. ಎರಡನೆಯದನ್ನು ಹೈಡ್ರೋಮೀಟರು ಹೇಳುತ್ತದೆ. ತುಂಬಿದಾಗ ಐದು ಕೋಶ 1240 ತೋರಿ ಒಂದು ಮಾತ್ರ 1180ರಲ್ಲೇ ನಿಂತರೆ, ಆ ಒಂದರ ದೆಸೆಯಿಂದ ಇಡೀ ಬ್ಯಾಟರಿ ಸೋಲುತ್ತಿದೆ. ನೀರು ಕಡಿಮೆಯಾದರೆ ಅಂಗಡಿಯ ಬ್ಯಾಟರಿ ನೀರನ್ನೇ ಹಾಕಿ. ನಮ್ಮ ಬೋರ್‌ವೆಲ್ಲಿನ ನೀರು ಸ್ಟೀಲ್ ಪಾತ್ರೆಗೇ ಬಿಳಿ ಪೊರೆ ಕಟ್ಟಿಸುತ್ತದೆ, ಬ್ಯಾಟರಿಯನ್ನು ಬಿಟ್ಟೀತೆ? ಇನ್ನೊಂದು ಮಾತು. ಬ್ಯಾಟರಿ ತುಂಬುವಾಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಅದನ್ನು ದೇವರ ಮನೆಯ ಮೂಲೆಯಲ್ಲಿಟ್ಟು ಪಕ್ಕದಲ್ಲೇ ನಂದಾದೀಪ ಹಚ್ಚಿರುವ ಮನೆಗಳನ್ನು ನಾನು ಕಂಡಿದ್ದೇನೆ. ದೇವರಿಗೂ ಅದು ಇಷ್ಟವಾಗಲಾರದು. ಗಾಳಿಯಾಡುವ ಕಡೆಗೆ ಸಾಗಿಸಿ. ಲಿಥಿಯಂ ಬ್ಯಾಟರಿಯಾದರೆ ಇವೊಂದೂ ಬೇಕಿಲ್ಲ, ಅದರೊಳಗೆ ಅದರದೇ ಕಾವಲುಗಾರ ಇದ್ದಾನೆ. ಅದನ್ನು ಮಾತ್ರ ಯಾರೂ ಬಿಚ್ಚಬಾರದು.

ಬಿಸಿ ಏರಿ ನಿಲ್ಲುವುದು ಮೂರನೆಯದು. ತಗಡಿನ ಮಾಡಿನ ಕೆಳಗೆ, ಒಲೆಯ ಮೇಲ್ಗಡೆ, ಮೂಟೆಗಳ ಸಂದಿಯಲ್ಲಿ ಇನ್ವರ್ಟರು ಇರಬಾರದು. ಸುತ್ತ ಒಂದು ಗೇಣು ಜಾಗ ಬಿಡಿ. ಗಾಳಿಯ ಕಿಂಡಿಯಲ್ಲಿ ಧೂಳು, ಜೇಡರ ಬಲೆ, ಇರುವೆ ಸೇರಿದ್ದರೆ ಯಂತ್ರ ನಿಲ್ಲಿಸಿ ಹೊರಗಿನಿಂದ ಬ್ರಷ್ಷಿನಲ್ಲಿ ಒರೆಸಿದರೆ ಸಾಕು.

ಈಗ ಲೈನಿಗೆ ಸೇರಿದ ಜಾತಿಗೆ ಬರೋಣ. ಇದರ ಮೇಲೆ ನನಗೆ ಬರುವ ಮೊದಲ ದೂರು, “ಹಗಲು ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ, ಇಷ್ಟು ದುಡ್ಡು ಸುರಿದದ್ದು ಇದಕ್ಕೇನೆ?” ಎಂಬುದು. ಹೌದು, ಅದು ನಿಲ್ಲಲೇಬೇಕು. ಲೈನು ಸತ್ತಿದೆ ಎಂದು ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಿಮ್ಮ ಮಾಡಿನಿಂದ ಕರೆಂಟು ಹಿಮ್ಮುಖವಾಗಿ ಲೈನಿಗೆ ನುಗ್ಗಿದರೆ ಅವನ ಗತಿಯೇನು? ಅದಕ್ಕಾಗಿಯೇ ಲೈನು ಸತ್ತ ಎರಡು ಸೆಕೆಂಡಿನೊಳಗೆ ಯಂತ್ರ ಬಿಡಿಸಿಕೊಳ್ಳಬೇಕೆಂದು ನಿಯಮ. ಕರೆಂಟು ಮರಳಿದ ಮೇಲೂ ಕನಿಷ್ಠ 60 ಸೆಕೆಂಡು ಲೈನು ನೆಟ್ಟಗಿದೆಯೇ ಎಂದು ನೋಡಿಯೇ ಅದು ಸೇರಿಕೊಳ್ಳುವುದು. ಕೆಲವು ಯಂತ್ರ ಐದು ನಿಮಿಷವೂ ಕಾಯುತ್ತದೆ. ಇದನ್ನರಿಯದೆ ಪ್ರತಿ ನಿಮಿಷಕ್ಕೂ ಆರಿಸಿ ಹಚ್ಚುವವರು ಅದರ ಎಣಿಕೆಯನ್ನು ಪ್ರತಿ ಸಲವೂ ಮೊದಲಿನಿಂದ ಆರಂಭಿಸುತ್ತಾರೆ. ಕೈ ಕಟ್ಟಿ ಕುಳಿತವನ ಮನೆಯಲ್ಲಿ ಅದು ಬೇಗ ಹೊರಡುತ್ತದೆ.

ಇನ್ನು ಕರೆಂಟು ಇದ್ದೂ ನಿಲ್ಲುವುದು. ನಮ್ಮ ದೇಶದಲ್ಲಿ ಮನೆಯ ಲೈನು 230 ವೋಲ್ಟಿನದು. ಅದರ ನೂರಕ್ಕೆ ಹತ್ತು ಮೇಲೇರಿ 253 ದಾಟಿದರೂ, ನೂರಕ್ಕೆ ಇಪ್ಪತ್ತು ಕೆಳಗಿಳಿದು 184 ಮುಟ್ಟಿದರೂ ಯಂತ್ರ ಬಿಡಿಸಿಕೊಳ್ಳಬೇಕೆಂಬುದು ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2013ರಲ್ಲಿ ಮಾಡಿದ ನಿಯಮ. ಪಂಪುಗಳಿಗೂ ಮನೆಗಳಿಗೂ ಒಂದೇ ಟಿ.ಸಿ. ಇರುವ ಕಡೆ ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ವೋಲ್ಟು ಕುಸಿಯುತ್ತದೆ. ಪಂಪು ನಿಂತು, ಬಿಸಿಲು ನೆತ್ತಿಗೇರಿ, ಊರಿನ ಮಾಡುಗಳೆಲ್ಲ ಲೈನಿಗೆ ಕರೆಂಟು ತಳ್ಳಿದಾಗ ವೋಲ್ಟು ಏರುತ್ತದೆ. ಕಾಲುವೆಯ ಬಾಯಿ ಮುಚ್ಚಿ ನೀರು ಬಿಟ್ಟರೆ ಏರಿದಂತೆ. ನಿಮ್ಮದು ಮಧ್ಯಾಹ್ನ ಹನ್ನೊಂದರಿಂದ ಎರಡರ ತನಕ ಮಾತ್ರ ಬಿಟ್ಟು ಬಿಟ್ಟು ನಿಲ್ಲುತ್ತಿದ್ದರೆ ಮೊದಲ ಗುಮಾನಿ ಇದರ ಮೇಲೆಯೇ ಇರಲಿ.

ತಪ್ಪು ಲೈನಿನದೋ ನಮ್ಮ ವಯರಿನದೋ ಎಂದು ತಿಳಿಯುವ ಬಗೆ ಸುಲಭ. ಯಂತ್ರದ ಕನ್ನಡಿಯಲ್ಲಿ ವೋಲ್ಟು ಕಾಣುತ್ತದೆ. ಮಧ್ಯಾಹ್ನ ಯಂತ್ರ ನಿಂತಿರುವಾಗ ಅದನ್ನು ಬರೆದಿಡಿ, ಹೊರಟು ಪೂರ್ತಿ ಓಡುವಾಗ ಮತ್ತೆ ಬರೆದಿಡಿ. ನಿಂತಾಗಲೇ 250ರ ಮೇಲಿದ್ದರೆ ದೋಷ ಊರಿನ ಲೈನಿನದು. ಬರೆದ ಚೀಟಿ ಹಿಡಿದು ವಿದ್ಯುತ್ ಕಂಪನಿಗೆ ದೂರು ಕೊಡಿ, 1912ಕ್ಕೆ ಫೋನು ಮಾಡಿದರೂ ಆದೀತು. ಟಿ.ಸಿ.ಯಲ್ಲಿ ವೋಲ್ಟು ತಗ್ಗಿಸುವ ಏರ್ಪಾಟಿದೆ, ಅದು ಅವರ ಕೆಲಸ. ನಿಂತಾಗ 238 ಇದ್ದು ಓಡುವಾಗ 256ಕ್ಕೆ ಜಿಗಿದರೆ, ಮಾಡಿನಿಂದ ಮೀಟರಿನವರೆಗಿನ ವಯರು ಸಣ್ಣದು, ಇಲ್ಲವೆ ಕಂಬದಿಂದ ಬರುವ ತಂತಿಯವರೆಗೆ ಎಲ್ಲೋ ಒಂದು ಗಂಟು ಸಡಿಲ. ಸಡಿಲ ಗಂಟು ಕಾಯುತ್ತದೆ, ಕಾದದ್ದು ಸುಡುತ್ತದೆ, ಆದ್ದರಿಂದ ಮುಂದಕ್ಕೆ ಹಾಕಬೇಡಿ. ಒಮ್ಮೆಲೆ 300ರ ಹತ್ತಿರ ತೋರಿ ಮನೆಯ ದೀಪಗಳು ಬೆಳ್ಳಗೆ ಧಗಧಗಿಸಿದರೆ ನ್ಯೂಟ್ರಲ್ ಕಡಿದಿದೆ ಎಂದು ತಿಳಿದು ಆ ಕ್ಷಣವೇ ಮೈನ್ ಸ್ವಿಚ್ಚು ಇಳಿಸಿ. ಮಿತಿಯ ಅಂಕಿಯನ್ನು ಯಂತ್ರದೊಳಗೆ ಏರಿಸಿಕೊಡುತ್ತೇನೆಂದು ಬರುವವರ ಮಾತು ಕೇಳಬೇಡಿ.

ಇನ್ನು ನನ್ನ ಮನೆಯ ಕಥೆ. ನಮ್ಮ ಮಾಡಿನ ಮೇಲೆ ಎಂಟು ಪ್ಲೇಟು ಒಂದೇ ಸರದಲ್ಲಿವೆ. ಒಂದೊಂದರದು ಸುಮಾರು 40 ವೋಲ್ಟು, ಎಂಟೂ ಸೇರಿ 320. ಆಷಾಢದ ಜಡಿಮಳೆ ಹಿಡಿದಾಗ ದಿನವೂ ಬೆಳಗ್ಗೆ ಕೆಂಪು ದೀಪ ಹತ್ತಿ, ಇನ್ಸುಲೇಷನ್ ದೋಷ ಎಂದು ಬರಹ ಮೂಡುತ್ತಿತ್ತು. ಹತ್ತು ಗಂಟೆಗೆ ಬಿಸಿಲು ಬಿದ್ದು ಮಾಡು ಒಣಗಿದರೆ ತಾನಾಗಿ ಸರಿಹೋಗುತ್ತಿತ್ತು. ಮೋಡ ಮುಸುಕಿದ ದಿನ ಸಂಜೆಯವರೆಗೂ ಹೊರಡುತ್ತಿರಲಿಲ್ಲ. ಮಾಡಿನ ಮೇಲಿನ ವಯರಿನಿಂದ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂಬುದೇ ಅದರ ಅರ್ಥ. ಯಂತ್ರವು ಬೆಳಗ್ಗೆ ಹೊರಡುವ ಮೊದಲು ತನ್ನ ವಯರಿಗೂ ಅರ್ತಿಗೂ ನಡುವೆ ಎಷ್ಟು ತಡೆ ಇದೆ ಎಂದು ಅಳೆದು, ಸಾಲದಿದ್ದರೆ ಹೊರಡುವುದಿಲ್ಲ.

ಎರಡು ವರ್ಷ ಕಲಿತ ನಾನು ಇದನ್ನು ಬಲ್ಲೆ. ಬಲ್ಲವನೇ ಎಡವಿದೆ. ನಾಟಿಯ ಹೊತ್ತು, ಮಾಡು ಹತ್ತಿ ಹುಡುಕಲು ಪುರಸೊತ್ತಿಲ್ಲ. ಅಳೆಯುವುದು ಅರ್ತಿಗೆ ತಾನೆ, ಅರ್ತೇ ಇಲ್ಲದಿದ್ದರೆ ಅಳೆಯುವುದೇನು ಎಂದು ಕೆಳಗಿನ ಪಟ್ಟಿಯಲ್ಲಿ ಅರ್ತಿನ ವಯರು ಬಿಚ್ಚಿದೆ. ಕೆಂಪು ದೀಪ ಆರಿತು, ಹಸುರು ದೀಪ ಬಂತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಗದ್ದೆಗೆ ಹೋದೆ. ಪ್ಲೇಟಿನ ಕಬ್ಬಿಣದ ಚೌಕಟ್ಟಿನ ಅರ್ತೂ ಅದೇ ಪಟ್ಟಿಗೆ ಬರುತ್ತಿತ್ತೆಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ನಾಲ್ಕನೆಯ ದಿನ ಮಳೆ ಬಿಟ್ಟಿತ್ತು. ನಮ್ಮವ್ವ ಒದ್ದೆ ಸೀರೆ ಹರವಲು ತಾರಸಿಗೆ ಹೋದರು. ನೆಲ ಹಸಿ, ಬರಿಗಾಲು. ಸೀರೆಯ ಸೆರಗನ್ನು ಚೌಕಟ್ಟಿಗೆ ಸಿಕ್ಕಿಸಲು ಕೈಯಿಟ್ಟರು. ಶಾಕ್ ಹೊಡೆದು ಹಿಂದಕ್ಕೆ ಬಿದ್ದರು. ಹಿಂದಕ್ಕೆ ಬಿದ್ದದ್ದರಿಂದ ಕೈ ಬಿಟ್ಟಿತು, ಬದುಕಿದರು. ಬಲಗೈ ಮೂಳೆ ಮುರಿದು ಒಂದೂವರೆ ತಿಂಗಳು ಕಟ್ಟು ಹಾಕಿಸಿಕೊಂಡಿದ್ದರು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ “ಪಾಚಿಯಲ್ಲಿ ಜಾರಿದೆ” ಎಂದೇ ಹೇಳಿದರು. ಮಗ ಅರ್ತು ಬಿಚ್ಚಿದ್ದನೆಂದು ಇಂದಿಗೂ ಯಾರಿಗೂ ಹೇಳಿಲ್ಲ. ಈ ದಿನ ನಾನೇ ಹೇಳುತ್ತಿದ್ದೇನೆ.

ಆ ಸಂಜೆ ಹೊತ್ತು ಮುಳುಗಿದ ಮೇಲೆ ಲೈನಿನ ಸ್ವಿಚ್ಚು ಇಳಿಸಿ, ಪ್ಲೇಟಿನ ಸ್ವಿಚ್ಚು ತಿರುಗಿಸಿ, ದೀಪ ಹಿಡಿದು ಹುಡುಕಿದೆ. ಮೂರನೆಯ ಪ್ಲೇಟಿನ ಕೆಳಗೆ ಇಲಿ ಕಡಿದು ವಯರಿನ ತಾಮ್ರ ಕಾಣುತ್ತಿತ್ತು, ಅದು ಚೌಕಟ್ಟಿಗೆ ಒರಗಿತ್ತು. ಅರ್ಧ ಗಂಟೆಯ ಕೆಲಸ. ಸೋಲಾರಿನದೇ ಹೊಸ ವಯರು ಹಾಕಿ, ನೀರು ನಿಲ್ಲದಂತೆ ಎತ್ತಿ ಕಟ್ಟಿ, ಪೈಪಿನೊಳಗೆ ತೂರಿಸಿ, ಪೈಪಿನ ಬಾಯಿಗೆ ಜಾಲರಿ ಬಿಗಿದೆ. ಅರ್ತು ಮತ್ತೆ ಸೇರಿಸಿದೆ. ಅಂದಿನಿಂದ ಮಳೆಯಲ್ಲೂ ಹಸುರು ದೀಪವೇ.

ಹುಡುಕುವ ಕೆಲಸವನ್ನು ಕಲಿತವರಿಂದಲೇ ಮಾಡಿಸಿ. ನೀವು ಮಾಡತಕ್ಕದ್ದು ಗಮನಿಸಿ ಹೇಳುವುದು. ಎಷ್ಟು ಹೊತ್ತಿಗೆ ನಿಂತಿತು, ಮಳೆಯೋ ಬಿಸಿಲೋ, ಆಗ ಮನೆಯಲ್ಲಿ ಏನು ಓಡುತ್ತಿತ್ತು, ಕನ್ನಡಿಯಲ್ಲಿ ಯಾವ ಅಕ್ಷರ, ಯಾವ ಅಂಕಿ ಇತ್ತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಅರ್ಧ ರೋಗ ಗೊತ್ತಾದಂತೆ. ಕಂಡ ದೀಪದ ಚಿತ್ರವನ್ನು ಫೋನಿನಲ್ಲಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಮತ್ತೆ ಹೊರಡಿಸಿ ನೋಡುವುದಾದರೆ ಒಂದೇ ಸಲ. ಮೊದಲು ಲೈನಿನ ಸ್ವಿಚ್ಚು, ಆಮೇಲೆ ಪ್ಲೇಟಿನ ಸ್ವಿಚ್ಚು ಇಳಿಸಿ, ಐದು ನಿಮಿಷ ಕಾದು, ಯಂತ್ರದ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ ಏರಿಸಿ. ಮತ್ತೆ ನಿಂತರೆ ಬಿಟ್ಟುಬಿಡಿ. ಬಿಸಿಲಿರುವಾಗ ಮಾಡಿನ ಮೇಲಿನ ವಯರಿನ ಜೋಡಣೆಯನ್ನು ಎಳೆದು ಬಿಡಿಸಲೇಬಾರದು. ಮನೆಯ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಅದರ ಕಿಡಿ ಬೇಗ ಆರುತ್ತದೆ. ಪ್ಲೇಟಿನ ಕರೆಂಟು ಒಂದೇ ಸಮನೆ ಹರಿಯುವಂಥದು, ಅದರ ಕಿಡಿ ಆರದೆ ಬೆಂಕಿಯಾಗಿ ನಿಲ್ಲುತ್ತದೆ. ಕೆಳಗೆ ಎಷ್ಟು ಸ್ವಿಚ್ಚು ಇಳಿಸಿದರೂ ಬೆಳಕಿರುವ ತನಕ ಪ್ಲೇಟಿನಲ್ಲಿ ವೋಲ್ಟು ಇದ್ದೇ ಇರುತ್ತದೆ. ಸೂರ್ಯನಿಗೆ ಸ್ವಿಚ್ಚಿಲ್ಲ.

ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಯೊಬ್ಬರು ಸಿಡಿಲಿನ ಮಾತು ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ಪೆಟ್ಟಿಗೆಯೊಳಗೆ ಸಿಡಿಲಿನ ಹೊಡೆತ ತಡೆಯುವ ಪುಟ್ಟ ಬಿಲ್ಲೆಗಳಿರುತ್ತವೆ. ಅವುಗಳ ಕಿಂಡಿಯಲ್ಲಿ ಹಸುರು ಕಂಡರೆ ಸರಿ, ಕೆಂಪು ಕಂಡರೆ ಅವು ಒಂದು ಹೊಡೆತವನ್ನು ತಾವು ತಿಂದು ತೀರಿಹೋಗಿವೆ, ಬದಲಾಯಿಸಬೇಕು. ಅರ್ತು ಒಣಗಿದ್ದರೆ ಇವೂ ನಿರುಪಯೋಗಿ. ಬೇಸಗೆಯಲ್ಲಿ ವಾರಕ್ಕೊಮ್ಮೆ ಅರ್ತಿನ ಗುಂಡಿಗೆ ಎರಡು ಕೊಡ ನೀರು ಹಾಕಿ, ಅಜ್ಜಿ.

ಸಂಘದ ಕಚೇರಿಯಲ್ಲಿ ಹಾಲಿನ ಲ್ಯಾಕ್ಟೋಮೀಟರಿನ ಪಕ್ಕದಲ್ಲೇ ಒಂದು ಬ್ಯಾಟರಿ ಹೈಡ್ರೋಮೀಟರು ತರಿಸಿಟ್ಟಿದೆ. ಬೇಕಾದವರು ಪುಸ್ತಕದಲ್ಲಿ ರುಜು ಹಾಕಿ ಒಯ್ದು, ತೊಳೆದು ಹಿಂದಿರುಗಿಸಬೇಕು. ಎರಡನ್ನೂ ಅದಲುಬದಲು ಮಾಡಬೇಡಿ. ಬರುವ ಭಾನುವಾರ ಸಂಜೆ ಇಲ್ಲಿಯೇ ಬ್ಯಾಟರಿ ನೋಡುವ ಕ್ರಮವನ್ನು ಮಾಡಿ ತೋರಿಸಲಾಗುವುದು. ಬರುವವರು ತಮ್ಮ ಇನ್ವರ್ಟರಿನ ಪುಸ್ತಕವನ್ನು ಹುಡುಕಿ ತನ್ನಿ. ಅಟ್ಟದ ಮೇಲೆ ಎಲ್ಲೋ ಇದ್ದೇ ಇರುತ್ತದೆ.